ಬಳೆ ನಾರಾಯಣಮ್ಮ ಲಂಕೆಗೆ ಹೋಗಿ ಬಂದದ್ದು

ಜಯನಗರದ ನಾಲ್ಕನೇ ಬ್ಲಾಕಿನಲ್ಲಿ, ಹೂವಿನವರ ಸಾಲು ಮುಗಿಯುವ ಕಡೆ, ಆಗ ಒಂದು ಬಳೆ ಅಂಗಡಿ ಇತ್ತು. ಅಂಗಡಿ ಅಂದರೆ ನಾಲ್ಕಡಿ ಅಗಲ, ಆರಡಿ ಉದ್ದ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ಬೀದಿಯಲ್ಲಿ ನಿಲ್ಲಬೇಕು. ಕೂರುತ್ತಿದ್ದವಳು ನಾರಾಯಣಮ್ಮ, ನಿಲ್ಲುತ್ತಿದ್ದವನು ಅವಳ ಗಂಡ ಗುಂಡಣ್ಣ. "ಲೈಸೆನ್ಸು ನನ್ನ ಹೆಸರಲ್ಲಿದೆ, ಗಾದಿ ಅವಳ ಹೆಸರಲ್ಲಿದೆ" ಅಂತ ಅವನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ನಾರಾಯಣಮ್ಮ ಬಳೆಯವರ ಮನೆಯಲ್ಲಿ ಹುಟ್ಟಿ ಬಳೆಯವರ ಮನೆಗೇ ಸೊಸೆಯಾಗಿ ಬಂದವಳು. ಓದಿದ್ದು ಎರಡನೇ ಕ್ಲಾಸು. ಆದರೆ ನಾಲಿಗೆ ನಾಲ್ಕು ಊರಿನ ನೀರು ಕುಡಿದಿತ್ತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ತಮಿಳಿನವರು ಬಂದರೆ ತಮಿಳು, ತಿಲಕನಗರದ ಕಡೆಯಿಂದ ಮುಸ್ಲಿಂ ಹೆಂಗಸರು ಬಂದರೆ ಉರ್ದು. ಮುಖ ನೋಡುವ ಮೊದಲು ಕೈ ನೋಡುತ್ತಿದ್ದಳು. ನೋಡಿದ ಕೂಡಲೇ "ಎರಡೂ ನಾಲ್ಕು", "ಎರಡೂ ಆರು" ಅಂತ ಅಳತೆ ಹೇಳಿಬಿಡುತ್ತಿದ್ದಳು. "ಅಯ್ಯೋ, ನನ್ನದು ಅಷ್ಟು ದಪ್ಪ ಕೈಯಾ?" ಅಂತ ಯಾರಾದರೂ ಮುಖ ಊದಿಸಿದರೆ, "ದಪ್ಪ ಅಲ್ಲ ತಾಯಿ, ಉಂಡ ಕೈ" ಅನ್ನುತ್ತಿದ್ದಳು. ಹೆಬ್ಬೆರಳಿನ ಬುಡ ಒತ್ತಿ, ಅಂಗೈಯನ್ನು ಹೂವಿನ ಮೊಗ್ಗಿನ ಹಾಗೆ ಮಡಚಿ, ಗಾಜಿನ ಬಳೆ ಏರಿಸಿದರೆ ತೊಟ್ಟವರಿಗೆ ಏರಿದ್ದೇ ಗೊತ್ತಾಗುತ್ತಿರಲಿಲ್ಲ. ಅರ್ಧ ಡಜನ್ ತೊಡಿಸಿದ ಮೇಲೆ ಒಂದು ಬಳೆ ಮೇಲಕ್ಕೆ, ಬಿಟ್ಟಿ. ಅದು ಕೊಸರು ಬಳೆ. ಕೊಸರು ಹಾಕದೆ ಅವಳು ಯಾರ ಕೈಯನ್ನೂ ಬಿಟ್ಟವಳಲ್ಲ.

ಈ ಕಸುಬಿಗೆ ಕೂರಿಸುವಾಗ ಅವಳ ಅತ್ತೆ ಹೇಳಿದ್ದು ಮೂರು ಮಾತು. ಹಿಡಿದ ಕೈಯನ್ನು ಬರಿದಾಗಿ ಬಿಡಬೇಡ. ತೊಡಿಸಿದ ಬಳೆಯನ್ನು ನಿನ್ನ ಕೈಯಾರೆ ತೆಗೆಯಬೇಡ. ಗಂಡ ಇದ್ದಾನಾ ಅಂತ ಯಾವ ಹೆಂಗಸನ್ನೂ ಬಾಯಿಬಿಟ್ಟು ಕೇಳಬೇಡ, ಹಣೆ ನೋಡು, ಕಾಲುಂಗುರ ನೋಡು, ಅಷ್ಟು ಸಾಕು. ಈ ಮೂರನ್ನು ನಾರಾಯಣಮ್ಮ ಸೆರಗಿನ ಗಂಟಿನ ಹಾಗೆ ಕಾಪಾಡಿಕೊಂಡು ಬಂದಳು.

ತೊಂಬತ್ತರ ಆ ವರ್ಷಗಳಲ್ಲಿ ಬನಶಂಕರಿ, ತ್ಯಾಗರಾಜನಗರ, ಯಡಿಯೂರು, ಎಲ್ಲಿ ಮದುವೆಯಾದರೂ ಬಳೆ ಶಾಸ್ತ್ರಕ್ಕೆ ಅವಳಿಗೇ ಹೇಳಿ ಕಳಿಸೋರು. ಗುಂಡಣ್ಣ ಹಗ್ಗಕ್ಕೆ ಪೋಣಿಸಿದ ಬಳೆಗಳ ಮಲಾರವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮುಂದೆ ಹೋಗುತ್ತಿದ್ದ, ಅವಳು ಮಗಳು ಸೌಮ್ಯಳ ಕೈಹಿಡಿದುಕೊಂಡು ಹಿಂದೆ ನಡೆಯುತ್ತಿದ್ದಳು. ಚಪ್ಪರದಲ್ಲಿ ಚಾಪೆ ಹಾಸಿ ಕೂರಿಸಿ, ಮದುವಣಗಿತ್ತಿಗೆ ಮೊದಲು ತೊಡಿಸಿ, ಆಮೇಲೆ ಮನೆಯ ಹೆಂಗಸರಿಗೆಲ್ಲ ತೊಡಿಸುವಷ್ಟರಲ್ಲಿ ಊಟದ ಎಲೆ ಹಾಕುತ್ತಿದ್ದರು. ಮದುಮಗಳು ಅವಳ ಕಾಲಿಗೆ ಬೀಳಬೇಕು. ಬಿದ್ದಾಗ ನಾರಾಯಣಮ್ಮನ ಮುಖ ನೋಡಬೇಕಿತ್ತು. ಎರಡನೇ ಕ್ಲಾಸಿನ ಹೆಂಗಸು, ಬೀದಿಯಲ್ಲಿ ಬಳೆ ಮಾರೋಳು, ಆ ಹೊತ್ತಿನಲ್ಲಿ ಯಾರಿಗೂ ಕಮ್ಮಿಯಲ್ಲ. "ನಾರಾಯಣಮ್ಮನ ಕೈಗುಣ ದೊಡ್ಡದು, ಅವಳು ತೊಡಿಸಿದ ಸಂಸಾರ ತಂಪಾಗಿರುತ್ತೆ" ಅನ್ನೋರು ಜನ. ಅವಳೂ ಅದನ್ನು ನಂಬಿದ್ದಳು. ಅವಳ ಆಸ್ತಿ ಅಂತಿದ್ದರೆ ಅದೊಂದೇ, ಆ ಕೈಗುಣ.

ಸೌಮ್ಯ ಓದಿ ನರ್ಸ್ ಆದಳು. ಜಯನಗರದ ಡಾಕ್ಟರ್ ಚಕ್ರಪಾಣಿಯವರ ಕ್ಲಿನಿಕ್ಕಿನಲ್ಲಿ ಕೆಲಸ. ಆ ಡಾಕ್ಟರಿಗೆ ಒಂದು ಹುಚ್ಚಿತ್ತು. ಎರಡು ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ ಕ್ಲಿನಿಕ್ಕಿಗೆ ಬೀಗ ಜಡಿದು, ಹೆಂಡತಿ ಮಕ್ಕಳನ್ನೂ ಕೆಲಸದವರನ್ನೂ ಕಟ್ಟಿಕೊಂಡು ಎಲ್ಲಾದರೂ ಹೊರದೇಶಕ್ಕೆ ಸೇವೆಗೆ ಹೋಗುವುದು. ನೇಪಾಳದ ಗುಡ್ಡಗಳಿಗೆ ಎರಡು ಸಲ ಹೋಗಿಬಂದಿದ್ದರು. ಬರುವವರು ಮನೆಯವರನ್ನೂ ಕರೆತರಬೇಕು ಅನ್ನೋದು ಅವರ ಕಟ್ಟಳೆ. "ಒಬ್ಬರೇ ಮಾಡಿದ ಸೇವೆ ಫೋಟೋದಲ್ಲಿ ಉಳಿಯುತ್ತೆ, ಮನೆಮಂದಿ ಮಾಡಿದ್ದು ಮನೆಯಲ್ಲಿ ಉಳಿಯುತ್ತೆ" ಅನ್ನುತ್ತಿದ್ದರು.

ಎರಡು ಸಾವಿರದ ನಾಲ್ಕರ ಕೊನೆಗೆ ಕಡಲು ಉಕ್ಕಿ ಊರೂರೇ ಕೊಚ್ಚಿಕೊಂಡು ಹೋಯಿತಲ್ಲ, ಆ ಮರುವರ್ಷದ ಏಪ್ರಿಲ್‌ನಲ್ಲಿ ಡಾಕ್ಟರು ಲಂಕೆಗೆ ಹೊರಟರು. ಹೊರಡುವ ಮುಂಚೆ ತಾವೇ ಬಳೆ ಅಂಗಡಿಗೆ ಬಂದು ನಿಂತರು.

"ನಾರಾಯಣಮ್ಮನೋರೇ, ನಿಮಗೆ ತಮಿಳು ಬರುತ್ತಂತಲ್ಲಾ?"

"ಬಳೆ ಮಾರೋವಷ್ಟು ಬರುತ್ತೆ ಡಾಕ್ಟ್ರೇ."

"ಅಷ್ಟು ಸಾಕು. ನಾವು ಹೋಗ್ತಿರೋ ಕಡೆ ಎಲ್ಲ ತಮಿಳಿನವರು. ಹೆಂಗಸರು ನನ್ನ ಮುಂದೆ ನೋವು ಹೇಳ್ಕೊಳಲ್ಲ. ನಿಮ್ಮ ಮಗಳಿಗೆ 'ವಾಂಗೋ, ಪೋಂಗೋ' ಬಿಟ್ಟರೆ ಬೇರೆ ಬರಲ್ಲ. ನೀವು ಜೊತೇಲಿ ಕೂತು ಮಾತಾಡಿಸಬೇಕು."

ನಾರಾಯಣಮ್ಮ ಗಂಡನ ಮುಖ ನೋಡಿದಳು. ಗುಂಡಣ್ಣ ಆಗಲೇ ನಗುತ್ತಿದ್ದ. "ಹೋಗು ಮಾರಾಯ್ತಿ. ರಾಮ ಸೇತುವೆ ಕಟ್ಟಿಸ್ಕೊಂಡು ಹೋದ, ಹನುಮಂತ ಹಾರ್ಕೊಂಡು ಹೋದ, ನೀನು ಕೂತ್ಕೊಂಡು ಹೋಗ್ತೀಯ. ಇನ್ನೇನು ಬೇಕು?"

"ನೀವೂ ಬನ್ನಿ ಮತ್ತೆ."

"ಇಬ್ಬರೂ ಲಂಕೆಗೆ ಹೋದ್ರೆ ಕರ್ಕೊಂಡು ಬರಕ್ಕೆ ಈ ಕಡೆ ಯಾರೇ ಇರ್ತಾರೆ?"

ಪಾಸ್‌ಪೋರ್ಟಿಗೆ ಅಂತ ಪೊಲೀಸಿನವರು ತ್ಯಾಗರಾಜನಗರದ ವಠಾರಕ್ಕೆ ಬಂದಾಗ ಇಡೀ ವಠಾರ ಹೊರಗೆ ನಿಂತಿತ್ತು, ಏನಾಯಿತೋ ಅಂತ. "ಫಾರಿನ್‌ಗೆ ಯಾಕಮ್ಮ?" ಅಂತ ಕೇಳಿದರು. "ಮಾತಾಡಕ್ಕೆ" ಅಂದಳು ನಾರಾಯಣಮ್ಮ. ಪೊಲೀಸಿನವನು ಪೆನ್ನು ನಿಲ್ಲಿಸಿ ಅವಳನ್ನೇ ನೋಡಿದ. ಪಕ್ಕದ ಮನೆಯ ತಂಗೆವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ತಂಗೆವ್ವ ಬಾಗಲಕೋಟೆ ಕಡೆಯವಳು, ಗಂಡ ತೀರಿಕೊಂಡ ಮೇಲೆ ಮಗಳು ರಾಜಶ್ರೀಯನ್ನು ಕಟ್ಟಿಕೊಂಡು ಬಂದು, ಆ ವಠಾರದಲ್ಲಿ ರೊಟ್ಟಿ ಬಡಿದು ಮೆಸ್ಸುಗಳಿಗೆ ಕೊಟ್ಟು ಬದುಕುತ್ತಿದ್ದಳು. "ಮಾತಾಡಾಕ ಅಂದ್ರ ಸರ್ಕಾರದವ್ರು ನಿಮ್ಮನ್ನ ದಿಲ್ಲಿಗೆ ಕಳಸ್ತಾರ ನೋಡ್ರಿ ಯಕ್ಕಾ" ಅಂದಳು.

ಗುಂಡಣ್ಣ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಬಳೆ ಜೋಡಿಸಿದ. ಹಸಿರು, ಕೆಂಪು, ಮಕ್ಕಳ ಸೈಜಿನವು ಜಾಸ್ತಿ.

"ಅಪ್ಪಾ, ಅಲ್ಲಿ ಜನಕ್ಕೆ ತಲೆ ಮೇಲೆ ಸೂರಿಲ್ಲ. ಅಮ್ಮನ ಕೈಲಿ ಬಳೆ ಕಳಿಸ್ತೀಯಲ್ಲ" ಅಂದಳು ಸೌಮ್ಯ.

"ಸೂರು ಡಾಕ್ಟ್ರು ನೋಡ್ಕೊತಾರೆ. ನೊಂದವರ ಮನೆಗೆ ಬರಿಗೈಲಿ ಹೋಗಬಾರದು. ನಮ್ಮ ಹತ್ರ ಇರೋದು ಇದೇ ತಾನೆ?"

ವಿಮಾನ ಹತ್ತಿದ ಮೇಲೆ ನಾರಾಯಣಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಕೊಲಂಬೋದಲ್ಲಿ ಇಳಿದು ಒಂದು ಹಗಲೆಲ್ಲ ಬಸ್ಸಿನಲ್ಲಿ ಕೂತು ಪೂರ್ವದ ಕಡಲತೀರದ ಮಟ್ಟಕ್ಕಳಪ್ಪಿನ ಹತ್ತಿರದ ಆ ಊರಿಗೆ ಹೋದರು. ಊರು ಅಂದರೆ ಊರಿರಲಿಲ್ಲ. ಮನೆಯ ಮೆಟ್ಟಿಲು ಇತ್ತು, ಮನೆ ಇರಲಿಲ್ಲ. ದೋಣಿಯೊಂದು ಹೊಲದ ನಡುವೆ ಕವುಚಿ ಬಿದ್ದಿತ್ತು. ಬಾವಿ ನೀರು ಉಪ್ಪು. ಬದುಕಿದವರು ಒಂದು ಶಾಲೆಯ ಬಯಲಿನಲ್ಲಿ ನೀಲಿ ಟಾರ್ಪಾಲಿನ ಕೆಳಗಿದ್ದರು. ಡಾಕ್ಟರ ಮಕ್ಕಳು ಮೊದಲ ದಿನ ಅಪ್ಪ ಅಮ್ಮನ ಬೆನ್ನ ಹಿಂದೆ ನಿಂತವರು ಎರಡನೇ ದಿನ ನೀರಿನ ಬಕೆಟ್ಟು ಹೊತ್ತರು.

ನಾರಾಯಣಮ್ಮನಿಗೆ ಒಂದು ಮರದ ಬೆಂಚು ಕೊಟ್ಟಿದ್ದರು. ಸೌಮ್ಯ ಗಾಯ ತೊಳೆಯೋಳು, ಇವಳು ಪಕ್ಕದಲ್ಲಿ ಕೂತು "ಎಲ್ಲಿ ನೋವು, ಎಷ್ಟು ದಿನದಿಂದ" ಅಂತ ಕೇಳೋಳು. ಅವರ ತಮಿಳು ಬೇರೆ ಥರ, ಹಾಡಿದ ಹಾಗೆ. ಅರ್ಧ ಕಿವಿಗೆ ಬೀಳುತ್ತಿತ್ತು, ಅರ್ಧ ಅವರ ಕಣ್ಣಲ್ಲಿ ಓದಿಕೊಳ್ಳುತ್ತಿದ್ದಳು. ಬಳೆ ಪೆಟ್ಟಿಗೆ ಬಿಚ್ಚಿದ ಮೇಲಂತೂ ಹೆಣ್ಣುಮಕ್ಕಳು ಮುತ್ತಿಕೊಂಡರು. ಅಷ್ಟು ದಿನ ಬಯಲಿನಲ್ಲಿ ಗಾಳಿಯ ಸದ್ದು ಬಿಟ್ಟರೆ ಇನ್ನೊಂದು ಕೇಳುತ್ತಿರಲಿಲ್ಲವಂತೆ. ಮಕ್ಕಳು ಕೈ ಅಲ್ಲಾಡಿಸಿಕೊಂಡು ಓಡಾಡುವ ಗಾಜಿನ ಸದ್ದು ಕೇಳಿ ಡಾಕ್ಟರು ಡೇರೆಯಿಂದ ಹೊರಗೆ ಬಂದು, "ನಾರಾಯಣಮ್ಮನೋರೇ, ನಿಮ್ಮ ಔಷಧಿ ನಮ್ಮದಕ್ಕಿಂತ ಬೇಗ ಹಿಡೀತು" ಅಂದರು.

ನಾಲ್ಕನೇ ದಿನ ಒಬ್ಬ ಹುಡುಗಿ ಬಂದು ಬೆಂಚಿನ ಮೇಲೆ ಕೂತಳು. ಇಪ್ಪತ್ತು ಇಪ್ಪತ್ತೆರಡು ಇರಬಹುದು. ಎಡಗೈಯ ಅಂಗೈಯಲ್ಲಿ ಮಾಯದ ಗಾಯ. ನೀರು ಎಳೆದೊಯ್ಯುವಾಗ ತಂತಿಬೇಲಿ ಹಿಡಿದುಕೊಂಡ ಗಾಯವಂತೆ, ಜೊತೆಗೆ ಬಂದ ಹೆಂಗಸು ಹೇಳಿದಳು. ಹುಡುಗಿ ಮಾತಾಡಲಿಲ್ಲ. ನಾಲ್ಕು ತಿಂಗಳಿಂದ ಯಾರ ಜೊತೆಗೂ ಮಾತಾಡಿಲ್ಲವಂತೆ. ಹೆಸರು ತವಮಣಿ.

"ಅಮ್ಮ, ಉರಿಯುತ್ತೆ, ಆ ಕಡೆ ಕೈ ಗಟ್ಟಿಯಾಗಿ ಹಿಡ್ಕೋ" ಅಂದಳು ಸೌಮ್ಯ.

ನಾರಾಯಣಮ್ಮ ಅವಳ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಎರಡೂ ನಾಲ್ಕು. ಪಟ್ಟಿ ಕಟ್ಟಿ ಸೌಮ್ಯ ಇನ್ನೊಬ್ಬರ ಕಡೆ ತಿರುಗಿದಳು. ಹುಡುಗಿ ಎದ್ದು ಹೋಗಲಿಲ್ಲ. ಆ ಕೈ ಅಲ್ಲೇ ಮಡಿಲಲ್ಲಿ ಉಳಿದಿತ್ತು, ಹಕ್ಕಿ ಕೂತ ಹಾಗೆ. ಹಿಡಿದ ಕೈಯನ್ನು ಬರಿದಾಗಿ ಬಿಡಬಾರದು. ನಾರಾಯಣಮ್ಮ ಹಣೆ ನೋಡಿದಳು, ಕುಂಕುಮ ಇಲ್ಲ. ಆದರೆ ಆ ಬಯಲಿನಲ್ಲಿ ಯಾರ ಹಣೆಯಲ್ಲಿ ಕುಂಕುಮ ಇತ್ತು? ಕಾಲು ನೋಡಿದಳು, ಉಂಗುರ ಇಲ್ಲ. ಕೊರಳು ನೋಡಿದಳು, ತಾಳಿ ಇಲ್ಲ. ಮದುವೆಯಾಗದ ಹುಡುಗಿ ಅಂದುಕೊಂಡಳು. ಮೂವತ್ತು ವರ್ಷ ದಾರಿ ತೋರಿಸಿದ ಗುರುತುಗಳು ಅವು, ಕಡಲು ಎಲ್ಲರ ಮೈಮೇಲಿಂದಲೂ ಅವನ್ನು ತೊಳೆದುಕೊಂಡು ಹೋಗಿದೆ ಅನ್ನೋದು ಅವಳಿಗೆ ಹೊಳೆಯಲಿಲ್ಲ. ಹೆಬ್ಬೆರಳ ಬುಡ ಒತ್ತಿ ಹಸಿರು ಬಳೆ ಏರಿಸಿದಳು. ಆರು. ಮೇಲೊಂದು ಕೊಸರು.

ಜೊತೆಗೆ ಬಂದಿದ್ದ ವಯಸ್ಸಾದ ಹೆಂಗಸು, ಪೊನ್ನಮ್ಮ ಅಂತ, ಎದೆ ಬಡಿದುಕೊಂಡಳು. "ಏನು ಮಾಡಿದೆ? ನನ್ನ ಮಗನನ್ನ ಕಡಲು ತಗೊಂಡು ಹೋಯ್ತು! ಇವಳು ನನ್ನ ಸೊಸೆ. ಮೂವತ್ತೊಂದನೇ ದಿನ ನಾವೇ ಇವಳ ಕೈಯಿಂದ ಎಲ್ಲ ತೆಗೆದ್ವಿ. ನೀನು ಯಾರು ಮತ್ತೆ ಹಾಕೋಕೆ?"

ಜೀವಮಾನದಲ್ಲಿ ಮೊದಲ ಸಲ ನಾರಾಯಣಮ್ಮನ ಕೈ ತಪ್ಪಿತ್ತು.

"ತೆಗಿ" ಅಂದಳು ಪೊನ್ನಮ್ಮ. "ನೀನು ಹಾಕಿದ್ದು, ನೀನೇ ತೆಗಿ."

ಸೌಮ್ಯ ಓಡಿ ಬಂದಳು. ಮಾತು ಅರ್ಥವಾಗದಿದ್ದರೂ ಸಂಗತಿ ಅರ್ಥವಾಗಿತ್ತು. "ಅಮ್ಮಾ, ನಾವಿಲ್ಲಿ ಬಂದಿರೋದು ಸಮಾಧಾನ ಮಾಡೋಕೆ. ತೆಗೆದುಬಿಡಮ್ಮ, ಮುಗೀಲಿ."

ನಾರಾಯಣಮ್ಮ ಕೈ ಚಾಚಿದಳು. ಅಷ್ಟರಲ್ಲಿ ತವಮಣಿ ಬಳೆಯ ಕೈಯನ್ನು ಎದೆಗೆ ಅವುಚಿಕೊಂಡು, ಪಟ್ಟಿ ಕಟ್ಟಿದ ಇನ್ನೊಂದು ಕೈಯನ್ನು ಅದರ ಮೇಲೆ ಮುಚ್ಚಿಕೊಂಡಳು. ಯಾರ ಮುಖವನ್ನೂ ನೋಡಲಿಲ್ಲ. "ಇರಲಿ" ಅಂದಳು. ಅಷ್ಟೇ. ನಾಲ್ಕು ತಿಂಗಳ ಮೇಲೆ ಆಡಿದ ಒಂದು ಮಾತು.

ಪೊನ್ನಮ್ಮ ನೆಲಕ್ಕೆ ಕುಸಿದು ಅತ್ತಳು. ನಾರಾಯಣಮ್ಮ ಅವಳ ಪಕ್ಕ ನೆಲದಲ್ಲೇ ಕೂತಳು. "ತಪ್ಪು ನನ್ನದು ತಾಯಿ. ಕಣ್ಣಿದ್ದೂ ಕಾಣಲಿಲ್ಲ. ಬೈಯಿ, ಹೊಡಿ, ತಗೋತೀನಿ. ಆದರೆ ತೊಡಿಸಿದ್ದನ್ನ ನಾನು ತೆಗೆಯೋ ಹಾಗಿಲ್ಲ. ಹಿಡಿದ ಕೈನ ಬರಿದಾಗಿ ಬಿಡಬಾರದು ಅಂತ ನಮ್ಮತ್ತೆ ಹೇಳಿಕೊಟ್ಟಿದ್ದು. ಅವಳಿಗೆ ಬೇಡ ಅನ್ನಿಸಿದ ದಿನ ಅವಳೇ ತೆಗೀಲಿ."

ಪೊನ್ನಮ್ಮ ಅವಳ ಕೈ ತಳ್ಳಿ ಎದ್ದು ಹೋದಳು. ಅದಾದ ಮೇಲೆ ಹೊರಡುವವರೆಗೂ ಇವಳ ಬೆಂಚಿನ ಕಡೆ ಬರಲಿಲ್ಲ. ಬಸ್ಸು ಹೊರಟಾಗ ನಾರಾಯಣಮ್ಮ ಕಿಟಕಿಯಿಂದ ನೋಡಿದಳು. ತವಮಣಿ ಟಾರ್ಪಾಲಿನ ನೆರಳಲ್ಲಿ ನಿಂತಿದ್ದಳು, ಅತ್ತೆ ಅವಳಿಗೆ ಬೆನ್ನು ಮಾಡಿ ಕೂತಿದ್ದಳು.

ಬೆಂಗಳೂರಿಗೆ ಬಂದ ಮೇಲೆ ವಠಾರದವರಿಗೆಲ್ಲ ಲಂಕೆಯ ಕಥೆ ಬೇಕು. ಆನೆ ನೋಡಿದ್ದು, ತೆಂಗಿನ ಹಾಲಿನ ಸಾರು ಉಂಡಿದ್ದು, ಎಲ್ಲ ಹೇಳಿದಳು. ಅದೊಂದು ಹೇಳಲಿಲ್ಲ. ಗುಂಡಣ್ಣನಿಗೆ ಮಾತ್ರ ಹೇಳಿದಳು, ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ.

"ನನ್ನ ಕೈಗುಣ ಹೋಯ್ತೇನೋ ಅನ್ನಿಸ್ತಿದೆ ಕಣ್ರೀ."

ಗುಂಡಣ್ಣ ಬಳೆ ಒರೆಸುತ್ತಿದ್ದವನು ನಿಲ್ಲಿಸಿದ. "ಕೈ ಏನು ಮಾಡ್ತು? ಬರಿಗೈ ಕಂಡ್ತು, ತುಂಬಿಸ್ತು. ಕೈಗೆ ಅಷ್ಟೇ ಗೊತ್ತಿರೋದು. ಬಾಕಿದೆಲ್ಲ ನಿನ್ನ ತಲೆ."

ಮರುವರ್ಷ ಸೌಮ್ಯಳ ಮದುವೆ. ಮಗಳಿಗೆ ಬಳೆ ತೊಡಿಸೋಕೆ ನಾರಾಯಣಮ್ಮ ಹಿಂದೆಗೆದಳು, ಬೇರೆ ಬಳೆಯವರನ್ನ ಕರೆಸೋಣ ಅಂದಳು. ಗುಂಡಣ್ಣ ಅವತ್ತು ಮಾತ್ರ ನಗಲಿಲ್ಲ. "ಊರಿನ ಹೆಣ್ಣುಮಕ್ಕಳಿಗೆಲ್ಲ ತೊಡಿಸಿ, ನಮ್ಮ ಮಗಳಿಗೆ ಇನ್ನೊಬ್ಬರನ್ನ ಕರೀತೀಯಾ? ಕೂತ್ಕೊ" ಅಂದ. ಕೂತಳು. ಸೌಮ್ಯಳ ಕೈ ಎರಡೂ ಆರು. ಬಳೆ ಒಂದೂ ಒಡೆಯಲಿಲ್ಲ. ಮಗಳು ಕಾಲಿಗೆ ಬಿದ್ದಾಗ ಗುಂಡಣ್ಣ ಮಲಾರದ ಹಗ್ಗ ಹಿಡಿದುಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದ. ಆ ಮದುವೆಯ ಫೋಟೋದಲ್ಲಿ ಅವನ ಅರ್ಧ ಮುಖ ಬಳೆಗಳ ಹಿಂದೆ ಇದೆ.

ಎರಡು ಸಾವಿರದ ಏಳರ ಗೌರಿ ಹಬ್ಬಕ್ಕೆ ಇನ್ನೂ ಹತ್ತು ದಿನ ಇತ್ತು. ಹೊಸ ಮಾಲು ಬಂದಿತ್ತು. ಅಂಗಡಿಯ ಮುಂದೆ ಸ್ಟೂಲಿನ ಮೇಲೆ ನಿಂತು ಮಲಾರ ಕಟ್ಟುತ್ತಿದ್ದ ಗುಂಡಣ್ಣ, "ನೀರು ಕೊಡೇ" ಅಂತ ಕೆಳಗಿಳಿದು ಕೂತ. ನೀರು ತರುವಷ್ಟರಲ್ಲಿ ಗೋಡೆಗೆ ಒರಗಿಬಿಟ್ಟಿದ್ದ. ಹೂವಿನವರೆಲ್ಲ ಓಡಿ ಬಂದು ಆಟೋಗೆ ಹತ್ತಿಸಿದರು. ಆಸ್ಪತ್ರೆ ಮುಟ್ಟುವವರೆಗೂ ಉಸಿರು ಉಳಿಯಲಿಲ್ಲ.

ಹನ್ನೊಂದನೇ ದಿನ ನೆಂಟರ ಹೆಂಗಸರು ಅವಳನ್ನು ಕೂರಿಸಿ, ಎರಡು ಕೈಯ ಬಳೆಗಳನ್ನು ಒಂದಕ್ಕೊಂದು ತಾಕಿಸಿ ಒಡೆದರು. ಒಂದೇ ಸಲಕ್ಕೆ, ಎಲ್ಲ. ಗಾಜಿನ ಚೂರು ಬಟ್ಟಲಿನಲ್ಲಿ ಬಿದ್ದ ಸದ್ದು ಕೇಳುತ್ತಾ ನಾರಾಯಣಮ್ಮ ಮಟ್ಟಕ್ಕಳಪ್ಪಿನ ಆ ಬೆಂಚನ್ನು ನೆನೆದಳು. ಅವಳು ಯಾರಿಗೂ ಹೇಳದೆ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟಳು. ಗಂಡ ಸತ್ತವಳಿಗೆ ಬಳೆ ತೊಡಿಸಿದೆ, ಅದು ಸುತ್ತಿಕೊಂಡು ನನ್ನ ಕೈಗೇ ಬಂತು.

ಅಲ್ಲಿಂದ ಮುಂದೆ ಅಂಗಡಿಯಲ್ಲಿ ಕೂರುತ್ತಿದ್ದಳು, ಬಳೆ ಕೊಡುತ್ತಿದ್ದಳು, ತೊಡಿಸುತ್ತಿರಲಿಲ್ಲ. "ಮನೆಗೆ ಹೋಗಿ ನೀವೇ ಹಾಕ್ಕೊಳಿ ತಾಯಿ, ಕೈ ನೋವು" ಅನ್ನುತ್ತಿದ್ದಳು. ಮದುವೆಯವರು ಕರೆಯುವುದನ್ನು ನಿಲ್ಲಿಸಿದರೋ, ಕರೆಯದ ಹಾಗೆ ಇವಳೇ ಮಾಡಿದಳೋ, ಎರಡೂ ನಡೆಯಿತು.

ಎರಡು ಸಾವಿರದ ಒಂಬತ್ತರ ಕಾರ್ತಿಕದಲ್ಲಿ ತಂಗೆವ್ವ ಬಂದಳು, ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು. ರಾಜಶ್ರೀಗೆ ಗಂಡು ಗೊತ್ತಾಗಿತ್ತು. ಬಿಟಿಎಂ ಲೇಔಟಿನಲ್ಲಿ ಮನೆ ಮಾಡಿಕೊಂಡಿದ್ದ ಊರ ಕಡೆಯ ಹುಡುಗ, ಸಂಗಮೇಶ ಅಂತ.

"ಸಂಕ್ರಮಣ ಆದ ಮ್ಯಾಲ ಲಗ್ನ. ಬಳಿ ನೀವ ತೊಡಸಬೇಕ್ರಿ ಯಕ್ಕಾ."

"ನನ್ನ ಕೈ ನೋಡು ತಂಗೆವ್ವ. ಇದರಲ್ಲಿ ತೊಡಿಸ್ಕೊಂತಾರಾ ಯಾರಾದ್ರೂ?"

"ನನ್ನ ಕೈಯೂ ಹಂಗ ಐತಿ. ನಾ ಬಡದ ರೊಟ್ಟಿ ಮಂದಿ ತಿನ್ನೂದಿಲ್ಲೇನು?"

"ರೊಟ್ಟಿ ಬೇರೆ, ಬಳೆ ಬೇರೆ. ಬೇಡ. ಮಗಳ ಬಾಳು." ನಾರಾಯಣಮ್ಮ ತಟ್ಟೆ ಮುಟ್ಟಲಿಲ್ಲ. ತಂಗೆವ್ವ ತಟ್ಟೆಯನ್ನು ಅಲ್ಲೇ ಹೊಸ್ತಿಲ ಮೇಲೆ ಇಟ್ಟು, "ಒಲ್ಲೆ ಅಂದ್ರ ನೀವ ತಂದು ಕೊಡ್ರಿ" ಅಂದು ಹೋದಳು.

ಅದೇ ಡಿಸೆಂಬರ್ ರಜೆಗೆ ಡಾಕ್ಟರು ಮತ್ತೆ ಲಂಕೆಗೆ ಹೊರಟರು. ಅಲ್ಲಿ ಸರ್ಕಾರಕ್ಕೂ ತಮಿಳು ಹುಲಿಗಳಿಗೂ ನಡೆಯುತ್ತಿದ್ದ ಲಡಾಯಿ ಮುಗಿದಿತ್ತು. ಅವರಿಗೂ ವಯಸ್ಸಾಗಿತ್ತು, ಇದೇ ಕೊನೆಯ ಸಲ ಅಂದರು. ಸೌಮ್ಯ, ಅವಳ ಗಂಡ, ಎರಡು ವರ್ಷದ ಮಗು, ಎಲ್ಲ ಹೊರಟರು. ನಾರಾಯಣಮ್ಮ ಒಲ್ಲೆ ಅಂದಳು. "ಮಗು ನೋಡ್ಕೊಳೋರು ಯಾರಮ್ಮ?" ಅಂತ ಸೌಮ್ಯ ಕೇಳಿದ ಮೇಲೆ ಬೇರೆ ದಾರಿ ಇರಲಿಲ್ಲ. ಈ ಸಲ ಬಳೆಯ ಪೆಟ್ಟಿಗೆ ಇಲ್ಲ. ಮಗುವಿನ ಬಟ್ಟೆ, ಹುರಿಹಿಟ್ಟಿನ ಡಬ್ಬ, ಅಷ್ಟೇ. ಅಲ್ಲಿಗೆ ಹೋದ ಮೇಲೆ ಏನು ಕೇಳಬೇಕಾಗುತ್ತೋ ಅಂತ ದಾರಿಯುದ್ದಕ್ಕೂ ಅದೇ ಯೋಚನೆ. ಆ ಹುಡುಗಿ ಬದುಕಿದ್ದಾಳೋ, ಲಡಾಯಿಯಲ್ಲಿ ಏನಾಯಿತೋ. ನನ್ನ ಕೈ ನನ್ನ ಮನೆಯನ್ನಷ್ಟೇ ಸುಟ್ಟಿತೋ, ಅವಳದ್ದನ್ನೂ ಸುಟ್ಟಿತೋ.

ಊರು ಮತ್ತೆ ಊರಾಗಿತ್ತು. ಸಾಲಾಗಿ ಸಣ್ಣ ಸಣ್ಣ ಹೆಂಚಿನ ಮನೆ. ಡಾಕ್ಟರ ಡೇರೆಗೆ ಎರಡನೇ ದಿನ ಒಬ್ಬ ಹೆಂಗಸು ಒಣಮೀನಿನ ಬುಟ್ಟಿ ಇಳಿಸಿ ನೇರವಾಗಿ ನಾರಾಯಣಮ್ಮನ ಮುಂದೆ ಬಂದು ನಿಂತಳು. ಮೈಕೈ ತುಂಬಿಕೊಂಡಿತ್ತು, ಬಿಸಿಲಿಗೆ ಕಪ್ಪಾಗಿದ್ದಳು. ನಾರಾಯಣಮ್ಮನಿಗೆ ಮುಖ ಗುರುತು ಹತ್ತಲಿಲ್ಲ. ಕೈ ನೋಡಿದಳು, ಗುರುತು ಹತ್ತಿತು. ಎರಡೂ ನಾಲ್ಕು. ಬಲಗೈಯಲ್ಲಿ ಒಂದೇ ಒಂದು ಹಸಿರು ಬಳೆ.

"ಬಳೆಯಮ್ಮಾ" ಅಂದಳು ತವಮಣಿ, "ಬರ್ತೀರಿ ಅಂತ ಗೊತ್ತಿತ್ತು."

ಮನೆಗೆ ಕರೆದುಕೊಂಡು ಹೋದಳು. ಪೊನ್ನಮ್ಮ ಜಗಲಿಯಲ್ಲಿ ಬಲೆ ಹೆಣೆಯುತ್ತಾ ಕೂತಿದ್ದಳು, ಕಣ್ಣು ಮಂಜಾಗಿತ್ತು. ನಾರಾಯಣಮ್ಮ ಅಂಗಳದಲ್ಲೇ ನಿಂತಳು.

"ಅವನು..." ಅಂತ ಶುರುಮಾಡಿ ನಿಲ್ಲಿಸಿದಳು. ಅತ್ತೆ ಹೇಳಿದ್ದ ಮೂರನೇ ಮಾತು ನಾಲಿಗೆ ಹಿಡಿದುಕೊಂಡಿತು.

"ಬರಲಿಲ್ಲ" ಅಂದಳು ತವಮಣಿ, ಕೇಳಿದ ಹಾಗೇ ಉತ್ತರ ಕೊಟ್ಟು. "ಬರಲ್ಲ ಅಂತ ನನಗೂ ಗೊತ್ತಿತ್ತಮ್ಮ. ಆದರೆ ಮೂವತ್ತೊಂದನೇ ದಿನ ಎಲ್ಲ ಒಂದೇ ಸಲ ತೆಗೆದುಬಿಟ್ಟರು. ನಿನ್ನೆ ಅವನು ಇದ್ದ, ಇವತ್ತು ಇಲ್ಲ ಅನ್ನೋ ಹಾಗೆ. ನನಗೆ ಹಾಗೆ ಆಗಲಿಲ್ಲ. ನೀವು ಹಾಕಿದ್ದು ಹಾಗಲ್ಲ. ಒಂದು ಬಾವಿ ಹತ್ರ ಒಡೀತು, ಕೊಡ ತಾಕಿ. ಒಂದು ಈ ಮನೆಗೆ ಇಟ್ಟಿಗೆ ಹೊರುವಾಗ. ಒಂದು ಲಡಾಯಿಯಲ್ಲಿ ರಾತ್ರೋರಾತ್ರಿ ಓಡುವಾಗ ಎಲ್ಲಿ ಹೋಯ್ತೋ ಗೊತ್ತೇ ಆಗಲಿಲ್ಲ. ಒಂದೊಂದು ಒಡೆದಾಗ ಒಂದೊಂದು ಸಲ ಅತ್ತುಬಿಟ್ಟೆ. ಅವನನ್ನ ಸ್ವಲ್ಪ ಸ್ವಲ್ಪವೇ ಕಳಿಸಿದೆ."

ಪೊನ್ನಮ್ಮ ಬಲೆಯಿಂದ ತಲೆಯೆತ್ತದೆ ಹೇಳಿದಳು, "ಎರಡನೇದು ಒಡೆದ ದಿನ ಇವಳ ಜೊತೆ ನಾನೂ ಅತ್ತುಬಿಟ್ಟೆ. ಅದಕ್ಕೆ ಮುಂಚೆ ಮಗನಿಗೆ ಅಂತ ಸರಿಯಾಗಿ ಅತ್ತಿರಲಿಲ್ಲ. ಇವಳ ಮೇಲಿನ ಸಿಟ್ಟೇ ಸಾಕಾಗಿತ್ತು." ಆಮೇಲೆ ಕೈ ಚಾಚಿ, "ಇಲ್ಲಿ ಬಾ ಬಳೆಯಮ್ಮಾ, ಕಣ್ಣು ಕಾಣಲ್ಲ ನನಗೆ" ಅಂದಳು.

ನಾರಾಯಣಮ್ಮ ಹೋಗಿ ಪಕ್ಕದಲ್ಲಿ ಕೂತಳು. ಪೊನ್ನಮ್ಮ ಅವಳ ಕೈಹಿಡಿದು ಮಣಿಕಟ್ಟು ತಡವಿದಳು. ತಡವಿ, ಮೇಲಿನವರೆಗೂ ಬೆರಳಾಡಿಸಿದಳು. ಇನ್ನೊಂದು ಕೈ ಎಳೆದುಕೊಂಡು ಅದನ್ನೂ ತಡವಿದಳು.

"ಯಾವಾಗ?"

"ಎರಡು ವರ್ಷ ಆಯ್ತು."

"ಒಂದೇ ಸಲ ತೆಗೆದ್ರಾ?"

ನಾರಾಯಣಮ್ಮ ತಲೆಯಾಡಿಸಿದಳು. ಗುಂಡಣ್ಣ ಹೋದ ಮೇಲೆ ಅವಳು ಅತ್ತಿದ್ದು ಹನ್ನೊಂದು ದಿನ. ಆಮೇಲೆ ಅಳಲಿಲ್ಲ, ತಪ್ಪು ತನ್ನದು ಅಂದುಕೊಂಡವಳಿಗೆ ಅಳು ಎಲ್ಲಿಂದ ಬರುತ್ತೆ? ಈಗ ಯಾರದೋ ದೇಶದ ಯಾರದೋ ಜಗಲಿಯಲ್ಲಿ ಬಂತು. ಸ್ಟೂಲಿನ ಮೇಲೆ ನಿಂತವನು, ನೀರು ಕೇಳಿದವನು, ಹುಲ್ಲು ಹಾಸಿ ಪೆಟ್ಟಿಗೆ ಕಟ್ಟಿ ಕೊಟ್ಟವನು. ತೊಡೆಯ ಮೇಲಿದ್ದ ಮೊಮ್ಮಗು ಅಜ್ಜಿಯ ಮುಖವನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು.

"ನಾನು ನಿನಗೆ ತೊಡಿಸಿದ್ದಕ್ಕೇ ನನಗೆ ಹೀಗಾಯ್ತು ಅಂದ್ಕೊಂಡಿದ್ದೆ" ಅಂದಳು ತವಮಣಿಗೆ.

ಪೊನ್ನಮ್ಮ ಗದರಿದಳು. "ಕಡಲು ಬರೋಕೆ ಮುಂಚೆ ನಮಗೆ ಯಾವ ಬಳೆಗಾರ್ತಿ ತಪ್ಪು ಮಾಡಿದ್ದಳು? ಈ ಊರಲ್ಲಿ ನೂರು ಜನ ಹೋದರು. ನೂರು ತಪ್ಪು ಹುಡುಕೋಣವಾ? ತವಮಣೀ, ಆ ಬಳೆ ತೆಗಿ. ಇವಳ ಕೈಗೆ ಹಾಕು. ಹಿಡಿದ ಕೈನ ಬರಿದಾಗಿ ಬಿಡಬಾರದು ಅಂತ ಅವತ್ತು ನನಗೆ ಬುದ್ಧಿ ಹೇಳಿದ್ದಳಲ್ಲ."

ತವಮಣಿ ತನ್ನ ಕೈಯ ಕೊನೆಯ ಬಳೆಯನ್ನು ತಾನೇ ತೆಗೆದಳು. ನಾರಾಯಣಮ್ಮನ ಕೈಗೆ ಏರಿಸೋಕೆ ನೋಡಿದಳು. ಗಿಣ್ಣಿನ ಹತ್ತಿರ ಸಿಕ್ಕಿಕೊಂಡಿತು. ತೆಂಗಿನೆಣ್ಣೆ ತಂದಳು. ಎಣ್ಣೆ ಹಚ್ಚಿದರೂ ಗಿಣ್ಣು ದಾಟಲಿಲ್ಲ.

"ಬಿಡು ಹುಡುಗಿ, ಇದು ಎರಡೂ ಎಂಟು" ಅಂದಳು ನಾರಾಯಣಮ್ಮ, ಕಣ್ಣು ಒರೆಸಿಕೊಳ್ಳುತ್ತಾ. "ನಿನ್ನ ಬಳೆ ನನ್ನ ಮೊಮ್ಮಗಳಿಗೆ ಆಗಬೇಕು, ಅವಳು ದೊಡ್ಡವಳಾದ ಮೇಲೆ."

"ನಿಮ್ಮದು ಅಷ್ಟು ದಪ್ಪ ಕೈಯಾ?" ಅಂದಳು ತವಮಣಿ.

"ದಪ್ಪ ಅಲ್ಲ, ಉಂಡ ಕೈ" ಅನ್ನುತ್ತಿದ್ದ ಹಾಗೆ ನಗು ಬಂದುಬಿಟ್ಟಿತು. ಪೊನ್ನಮ್ಮ ಕೂಡ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಾರಾಯಣಮ್ಮ ಆ ಬಳೆಯನ್ನು ತಿರುಗಿ ತವಮಣಿಯ ಕಡೆ ಹಿಡಿದಳು. ಒಂದು ಗಳಿಗೆ ತಡೆದಳು. ಆಮೇಲೆ ಅವಳ ಹೆಬ್ಬೆರಳ ಬುಡ ಒತ್ತಿ, ಅಂಗೈ ಮಡಚಿ, ತಾನೇ ಏರಿಸಿದಳು. ಎರಡು ವರ್ಷದ ಮೇಲೆ ಅವಳ ಕೈ ಆ ಕೆಲಸ ಮಾಡಿತ್ತು. ಏನೂ ಮರೆತಿರಲಿಲ್ಲ.

"ಇದು ಕೊಸರು" ಅಂದಳು. "ತಾನಾಗಿ ಹೋಗೋವರೆಗೂ ಇರಲಿ."

"ಏಳರಲ್ಲಿ ಇದೇ ಕೊಸರು ಅಂತ ಹೇಗೆ ಗೊತ್ತು?" ಅಂದಳು ತವಮಣಿ.

"ಕೊನೆಗೆ ಉಳಿಯೋದೇ ಕೊಸರು."

ಬೆಂಗಳೂರಿಗೆ ಬಂದ ದಿನ ನಾರಾಯಣಮ್ಮ ಚೀಲ ಕೆಳಗಿಟ್ಟವಳೇ ಒಳಗಿನ ಗೂಡಿಗೆ ಕೈ ಹಾಕಿದಳು. ತಂಗೆವ್ವನ ಎಲೆ ಅಡಿಕೆಯ ತಟ್ಟೆಯನ್ನು ಹೋಗುವಾಗ ಅಲ್ಲೇ ಎತ್ತಿಟ್ಟು ಹೋಗಿದ್ದಳು, ವಾಪಸ್ಸು ಕೊಡೋಕೆ ಮನಸ್ಸಾಗದೆ. ಎಲೆ ಒಣಗಿ ಸುರುಟಿಕೊಂಡಿತ್ತು. ಅಡಿಕೆ ಬಾಯಿಗೆ ಹಾಕಿಕೊಂಡು, ಖಾಲಿ ತಟ್ಟೆ ಹಿಡಿದುಕೊಂಡು ತಂಗೆವ್ವನ ಬಾಗಿಲಿಗೆ ಹೋದಳು.

ತಂಗೆವ್ವ ತಟ್ಟೆ ನೋಡಿದಳು, ಅವಳ ಬಾಯಿ ನೋಡಿದಳು. "ಅಗಿಯಾಕತ್ತೀರಿ ಅಂದ್ರ ಒಪ್ಪಿದ್ರಿ ಅಂತ ತಿಳೀತು" ಅಂದಳು.

ಸಂಕ್ರಾಂತಿ ಕಳೆದು ಬನಶಂಕರಿಯ ಒಂದು ಸಣ್ಣ ಛತ್ರದಲ್ಲಿ ಬಳೆ ಶಾಸ್ತ್ರ ನಡೆಯಿತು. ಚಾಪೆ ಹಾಸಿದರು. ಸೌಮ್ಯಳ ಗಂಡ ಸ್ಕೂಟರಿನಲ್ಲಿ ಮಲಾರ ತಂದು ಇಳಿಸಿದ. ಗಂಡಿನ ಕಡೆಯ ಒಬ್ಬ ಹೆಂಗಸು ನಾರಾಯಣಮ್ಮನ ಬರಿ ಮಣಿಕಟ್ಟು ನೋಡಿ, ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದಳು, "ಬಳಿ ತೊಡಸಾಕಿ ಕೈಯಾಗ ಬಳೀನ ಇಲ್ಲಲ್ಲ?"

ನಾರಾಯಣಮ್ಮನ ಕೈ ನಿಂತಿತು. ತಂಗೆವ್ವ ಬಾಯಿ ತೆಗೆಯುವಷ್ಟರಲ್ಲಿ ಮದುಮಗಳು ರಾಜಶ್ರೀಯೇ ಮುಂದೆ ಬಂದು ಕೂತು, ಎರಡು ಕೈಯನ್ನೂ ಅವಳ ಮಡಿಲಲ್ಲಿ ಇಟ್ಟಳು. "ನನ್ನವ್ವನ ಕೈಯಾಗೂ ಇಲ್ಲರೀ. ಆ ಕೈಲೆ ನನ್ನ ಜೋಪಾನ ಮಾಡ್ಯಾಳ" ಅಂದಳು. ಆ ಹೆಂಗಸು ಸೆರಗು ಸರಿಮಾಡಿಕೊಂಡಳು.

ನಾರಾಯಣಮ್ಮ ಮುಖ ನೋಡುವ ಮೊದಲು ಕೈ ನೋಡಿದಳು. ಹಿಟ್ಟು ನಾದಿ ಗಟ್ಟಿಯಾದ ಬೆರಳು, ಅವ್ವನ ಥರದ್ದೇ.

"ಎರಡೂ ಆರು" ಅಂದಳು, ಮಲಾರದಿಂದ ಹಸಿರು ಬಳೆ ಬಿಚ್ಚಿದಳು.